ಖಾಲಿ ಮೂಸೆಯ ತೂಕ

ಮೊದಲು ಖಾಲಿ ಮೂಸೆಯನ್ನೇ ತೂಗಬೇಕು.
ಹಿಸ್ಕೆಗೆ ಇದು ಇಪ್ಪತ್ತಾರು ವರ್ಷದ ಪಾಠ.
ಆಮೇಲೆ ಒಂದು ಗ್ರಾಂ, ಹಿಟ್ಟಿನಂತೆ ಅರೆದ ಕಲ್ಲಿದ್ದಲು,
ಆಮೇಲೆ ಕುಲುಮೆ, ಎಂಟುನೂರ ಹದಿನೈದು ಡಿಗ್ರಿ,
ಆಮೇಲೆ ಕಾಯುವುದು.

ರಾಟರ್‌ಡ್ಯಾಮಿನ ಕಡಲಂಚಿನಲ್ಲಿ,
ಮರಳು ಸುರಿದು ಮಾಡಿದ ನೆಲಕ್ಕೆ ಆತು ನಿಂತ ಹಡಗು;
ಒಡಲಲ್ಲಿ ಲಕ್ಷದ ಅರವತ್ತು ಸಾವಿರ ಟನ್ನು.
ಅದರ ನಸೀಬೆಲ್ಲ ಈ ಒಂದು ಗ್ರಾಮಿನಲ್ಲಿ,
ಅನ್ನ ಬೆಂದಿತೋ ಎಂದು
ಒಂದಗುಳು ಹಿಸುಕಿ ನೋಡಿದ ಹಾಗೆ.

ಮೊದಲ ಕಾನೂನು ಕೇಳಿದ್ದು ಗಂಧಕದ ಲೆಕ್ಕ.
ಕಾನೂನು ಚಿಮಣಿಯನ್ನು ಕೇಳಿತು,
ಚಿಮಣಿ ವ್ಯಾಪಾರಿಯನ್ನು,
ವ್ಯಾಪಾರಿ ಹಿಸ್ಕೆಯನ್ನು.
ಅಷ್ಟಕ್ಕೇ ಸಮುದ್ರದ ದಾರಿಗಳು ಬದಲಾದವು.
ಕೊಲಂಬಿಯಾದ್ದು ಬಂತು, ನೂರಕ್ಕೆ ಸೊನ್ನೆ ಬಿಂದು ಆರು,
ಶುದ್ಧ, ಶುದ್ಧ ಎಂದು ಹೊಗಳಿಸಿಕೊಂಡು.
ಮೂಗು ಸುಡುವ ಹತ್ತಿರದ ಗಣಿಯದು
ತನ್ನೂರ ಅಂಗಳದಲ್ಲೇ ಕೂತಿತು.
ಇದ್ದಲು ಮಸಿಗೆ ಬುದ್ಧಿ ಹೇಳಿದ ಕಾಲ ಅದು.
ಹಿಸ್ಕೆ ಸಹಿ ಹಾಕಿದಳು. ಸಂಬಳ ಏರಿತು.

ಎರಡನೆಯ ಕಾನೂನು ಅವಳನ್ನು ಏನೂ ಕೇಳಲಿಲ್ಲ.
ಅದಕ್ಕೆ ಬೇಕಾದದ್ದು ಮೂಸೆಯಲ್ಲಿ ಉಳಿದದ್ದಲ್ಲ,
ಮೂಸೆಯಿಂದ ಹೋದದ್ದು.
"ಒಂದು ಟನ್ನು ಉರಿದರೆ ಹೊಗೆ ಎರಡೂವರೆ ಟನ್ನು, ಹೆಚ್ಚುಕಡಿಮೆ."
ಕ್ರೇನಿನ ಎವರಿಸ್ತು ನಂಬಲಿಲ್ಲ.
"ಉರಿದದ್ದು ಹಗುರಾಗಬೇಕಲ್ಲ?"
"ಹೋಗುವಾಗ ಗಾಳಿಯನ್ನೂ ಕಟ್ಟಿಕೊಂಡು ಹೋಗುತ್ತದೆ."
"ಓಹೋ, ನಮ್ಮ ಚಿಕ್ಕಪ್ಪ ಕೇಪ್ ವರ್ಡ್ ಬಿಟ್ಟ ಹಾಗೆ!
ಹಡಗು ಹತ್ತಿದ್ದು ಒಬ್ಬನೇ,
ಇಲ್ಲಿ ಬಾಗಿಲು ತಟ್ಟಿದ್ದು ಏಳು ಜನ."

ಹೋದದ್ದಕ್ಕೀಗ ಟನ್ನಿಗೊಂದು ಚೀಟಿ,
ಚೀಟಿಗೆ ಬೆಳಗ್ಗೆ ಒಂದು ಬೆಲೆ, ಸಂಜೆಗೆ ಇನ್ನೊಂದು.
ಕಲ್ಲಿದ್ದಲಿಗಿಂತ ಅದರ ಹೊಗೆ ದುಬಾರಿಯಾದ ವಾರ
ಅಟ್ಲಾಂಟಿಕಿನ ನಡುವೆ ಒಂದು ಹಡಗು ಮೂತಿ ತಿರುಗಿಸಿತು.
ಇಸ್ಕೆಂದೆರುನಿನಲ್ಲಿ ಇಳಿಯಿತಂತೆ ಸರಕು;
ಅಲ್ಲಿ ಆಗ ಚೀಟಿ ಕೇಳುವವರಿರಲಿಲ್ಲ.
ಅದರ ಮಾದರಿಗೆಂದು ಎತ್ತಿಟ್ಟ ಡಬ್ಬಿ
ಹೆಸರು ಬರೆಸಿಕೊಂಡು ಕಪಾಟಿನಲ್ಲಿ ಕೂತೇ ಇತ್ತು.
ಆಕಾಶಕ್ಕೆಲ್ಲಿಯ ಬೇಲಿ ಎನ್ನಬಹುದಿತ್ತು.
ಹಿಸ್ಕೆ ಅನ್ನಲಿಲ್ಲ,
ಹೆಸರು ಕೆರೆದು ಡಬ್ಬಿ ತೊಳೆದಿಟ್ಟಳು.

ಆಮೇಲೆ ಆ ಚಳಿಗಾಲ.
ಪೂರ್ವದ ಕೊಳವೆಯಲ್ಲಿ ಅನಿಲ ಬತ್ತಿತು.
ಮುಚ್ಚಿದ ಚಿಮಣಿಗಳ ಬೀಗ ಎಣ್ಣೆ ಹಾಕಿ ತೆಗೆದರು.
ಕಾನೂನು ಇದ್ದಲ್ಲೇ ಇತ್ತು, ಕಣ್ಣು ಮಾತ್ರ ಬೇರೆ ಕಡೆ.
ಬೋಳಾಗಿದ್ದ ಅಂಗಳದಲ್ಲಿ ಕಪ್ಪು ಗುಡ್ಡಗಳೆದ್ದವು,
ದಕ್ಷಿಣ ಆಫ್ರಿಕಾದ್ದು, ಆಸ್ಟ್ರೇಲಿಯಾದ್ದು,
ಯಾವ ಊರಿನದೆಂದು ಹೇಳಲು ನಾಚುವಂಥದ್ದು.
ಎವರಿಸ್ತುವಿನ ಊಟ ಹಗ್ಗದಲ್ಲಿ ಮೇಲೆ ಹೋಗುತ್ತಿತ್ತು.
ಒಂದು ಮುಂಜಾನೆ ಹಿಸ್ಕೆ ಪಾಳಿ ಮುಗಿಸಿ ಬಂದಳು,
ಮಗಳು ಮೆರವಣಿಗೆಯ ಫಲಕ ಬರೆದು ಎದ್ದಳು,
ಒಂದೇ ನಲ್ಲಿಯ ಕೆಳಗೆ ನಾಲ್ಕು ಕೈ,
ಎರಡು ಕಪ್ಪು, ಎರಡು ಹಸಿರು.
ಮಗಳು ಮಾತಾಡಲಿಲ್ಲ.
ಸೋಪನ್ನು ಮೊದಲು ಅಮ್ಮನಿಗೆ ಕೊಟ್ಟಳು.

ಈಗ ಗುಡ್ಡಗಳು ಮತ್ತೆ ಕರಗಿವೆ.
ಕುಲುಮೆ ಮೂರರಲ್ಲಿ ಎರಡು ಮಾರಾಟಕ್ಕೆ.
ಉಳಿದದ್ದರಲ್ಲಿ ಮರದ ಹೊಟ್ಟಿನ ಗುಳಿಗೆ ಸುಡುತ್ತಾಳೆ,
ಬಡಗಿಯ ಮನೆಯ ವಾಸನೆ, ಬೂದಿ ಕಾಣುವುದೇ ಇಲ್ಲ.
ಕೊನೆಯ ದಿನ ಎವರಿಸ್ತು ಕರವಸ್ತ್ರ ಬಿಚ್ಚಿದ:
ಕ್ರೇನಿನ ಕಿಟಕಿ ಸಂದಿಯಿಂದ ಒರೆಸಿ ತಂದ ಕಪ್ಪು.
"ತೂಗು ಇದನ್ನು. ಹತ್ತೊಂಬತ್ತು ವರ್ಷದ್ದು."
"ಒಂದು ಗ್ರಾಂ ಬೇಕು ಮಾರಾಯ, ಇದು ಸಾಲದು."
ಅಂದರೂ ಮೂಸೆಯೊಂದನ್ನು ಒರೆಸಿ
ಖಾಲಿಯಾಗಿ ತಕ್ಕಡಿಯಲ್ಲಿಟ್ಟಳು.
ಕೊನೆಯ ಅಂಕಿ ಹೊಯ್ದಾಡುತ್ತಿತ್ತು.
ಅದು ನಿಲ್ಲಲೆಂದು ಇಬ್ಬರೂ
ಉಸಿರು ಹಿಡಿದು ನಿಂತರು.